ಭದ್ರಾವತಿಯ ಕಬ್ಬಿಣದ ಕಾರ್ಖಾನೆ: ಸ್ಥಾಪನೆಯೂ ಪಾಲನೆಯೂ

೧

ಶಾಸನಗಳನ್ನು ಓದಿ ಬಲ್ಲವರಿಗೆ ಪರಿಚಿತವಾದ ಮಾತೊಂದುಂಟು. ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳು ದಾನವನ್ನು ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು ಎಂಬೆರಡನ್ನು ತೂಗಿ, ಕಾಪಾಡುವುದೇ ಮೇಲೆಂದು ತೀರ್ಮಾನಿಸುತ್ತವೆ. ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ. ಒಡೆದ ಏರಿಯನ್ನು ತಿರುತಿರುಗಿ ಕಟ್ಟಿ, ಮುಚ್ಚಿದ ತೂಬನ್ನು ತೆರೆಯಿಸಿ, ಹೂಳನ್ನು ಎತ್ತಿಸಿದವರ ಹೆಸರು ಅಪೂರ್ವವಾಗಿ ದೊರೆಯುತ್ತದೆ. ಆದರೂ ಊರಿಗೆ ಅನ್ನವಿತ್ತವರು ಈ ಎರಡನೆಯವರೇ ಆಗಿರುವರು.

ಈ ಮಾತು ಕೆರೆ ದೇಗುಲಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದ ಮಹಾ ಕಾರ್ಖಾನೆಗಳಿಗೂ ಇದು ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ಅದರ ದೃಷ್ಟಾಂತವಾಗಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೊದಲ ದಿನಗಳನ್ನು ಈ ಲೇಖನದಲ್ಲಿ ವಿಚಾರಿಸಿದೆ. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಆ ಕಾರ್ಖಾನೆಯ ಸ್ಥಾಪಕರೆಂಬುದು ಶಾಲೆಯ ಮಕ್ಕಳಿಗೂ ತಿಳಿದಿದೆ. ಅವರು ಅದರ ಪಾಲಕರೂ ಆಗಿದ್ದರೆಂಬುದು ಅಷ್ಟು ತಿಳಿದಿಲ್ಲ. ಸ್ಥಾಪನೆಗಿಂತ ಪಾಲನೆಯೇ ಅವರ ಹೆಚ್ಚಿನ ಕಾರ್ಯವೆಂಬುದು ಇಲ್ಲಿ ಪ್ರತಿಪಾದಿಸಬೇಕೆಂದಿರುವ ವಿಷಯ.

ಚಿಕ್ಕಬಳ್ಳಾಪುರದಿಂದ ಕೆಲವೇ ಮೈಲಿಗಳ ದೂರದಲ್ಲಿ, ನಂದಿಯ ಬೆಟ್ಟಸಾಲಿನ ಮಗ್ಗುಲಲ್ಲಿರುವ ಮುದ್ದೇನಹಳ್ಳಿಯು ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದಿತು. ಆ ವರ್ಷ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿ ಶ್ರೀನಿವಾಸ ಶಾಸ್ತ್ರಿಗಳು, ವೆಂಕಟಲಕ್ಷ್ಮಮ್ಮ ಎಂಬ ದಂಪತಿಗಳಿಗೆ ಹುಟ್ಟಿದ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದು, ಪುಣೆಯಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿದರು. ಅವರು ಹುಟ್ಟಿದ ಮನೆಯೂ ಅವರ ಸಮಾಧಿಯೂ ಇಂದು ಆ ಗ್ರಾಮದಲ್ಲಿ ನೋಡತಕ್ಕ ಸ್ಥಳಗಳಾಗಿವೆ. ಅಲ್ಲಿಗೆ ಹೋದವರು ಮೊದಲು ನೆನೆಯುವುದು ಕೃಷ್ಣರಾಜಸಾಗರದ ಕಟ್ಟೆಯನ್ನು. ನೀರಿನ ಕೆಲಸದಲ್ಲಿ ಅವರಿಗೆ ಸಂದ ಕೀರ್ತಿಯು, ಬೆಂಕಿಯ ಕೆಲಸದಲ್ಲಿ ಅವರು ಪಟ್ಟ ಶ್ರಮವನ್ನು ಮರೆಸಿದೆಯೆಂದರೆ ತಪ್ಪಾಗಲಾರದು.

೨

ಕಬ್ಬಿಣವು ನಮ್ಮ ನಾಡಿಗೆ ಹೊಸದಲ್ಲ. ಹಳಗನ್ನಡದ ‘ಕರ್ಬುನ’ ಎಂಬ ಶಬ್ದವನ್ನು ವಿದ್ವಾಂಸರು ‘ಕರ್’ ಎಂದರೆ ಕಪ್ಪು, ‘ಪೊನ್’ ಎಂದರೆ ಲೋಹ ಎಂದು ಬಿಡಿಸಿರುವರು. ‘ಉಕ್ಕು’ ಎಂಬ ನಮ್ಮ ಮಾತೇ ಪಾಶ್ಚಾತ್ಯರ ಬಾಯಲ್ಲಿ ‘ವೂಟ್ಸ್’ ಎಂದಾಗಿ, ದಕ್ಷಿಣ ಹಿಂದೂದೇಶದ ಮೂಸೆಯ ಉಕ್ಕಿಗೆ ಜಗತ್ತಿನಲ್ಲೆಲ್ಲ ಹೆಸರಾಯಿತೆಂದು ಬಹುಮಂದಿ ಪಂಡಿತರು ಒಪ್ಪುತ್ತಾರೆ. ಅದಿರು, ಕುಲುಮೆ, ತಿದಿ, ಮೂಸೆ, ಇದ್ದಲು, ಕಿಟ್ಟ, ಬೀಡು, ಉಕ್ಕು ಎಂದು ಕಲ್ಲಿನಿಂದ ಕತ್ತಿಯವರೆಗಿನ ಪ್ರತಿಯೊಂದು ಅವಸ್ಥೆಗೂ ಕನ್ನಡದಲ್ಲಿ ಮಾತಿರುವುದೇ ಈ ವಿದ್ಯೆಯು ಇಲ್ಲಿ ಬೇರೂರಿದ್ದುದಕ್ಕೆ ಸಾಕ್ಷಿ. ಒಂದು ಕಸಬಿನ ಚರಿತ್ರೆಗೆ ಬರಹದ ಆಧಾರಗಳು ಕಡಿಮೆಯಾದಾಗ ನಿಘಂಟೇ ಶಾಸನವಾಗುತ್ತದೆ.

ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿಯ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ವೃತ್ತಾಂತವು ೧೮೦೭ರಲ್ಲಿ ಅಚ್ಚಾಯಿತು. ಅದರಲ್ಲಿ ಕಬ್ಬಿಣ ಕರಗಿಸುವವರ ಕೆಲಸವು ಸವಿಸ್ತರವಾಗಿ ವರ್ಣಿತವಾಗಿದೆ. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ಹರಿದುಬರುವ ನೀರು ಕರಿಯ ಮರಳನ್ನು ಹಳ್ಳಗಳಲ್ಲಿ ತಂದು ಹಾಕುವುದು; ಅದನ್ನು ಕೂಡಿಹಾಕಿ, ನೀರಿನಲ್ಲಿ ತೊಳೆದು, ಹಗುರವಾದ ಮಣ್ಣನ್ನು ತೇಲಿಸಿಬಿಟ್ಟು, ತೂಕವಾದ ಅದಿರನ್ನು ಉಳಿಸಿಕೊಳ್ಳುವರು. ಆ ಬಳಿಕ ಮಣ್ಣಿನ ಕುಲುಮೆಯಲ್ಲಿ ಇದ್ದಲನ್ನೂ ಅದಿರನ್ನೂ ಸರತಿಯಂತೆ ಸುರಿದು ತಿದಿಯನ್ನೊತ್ತುವರು. ಉಕ್ಕನ್ನು ಮಾಡುವವರು ಕಬ್ಬಿಣದ ತುಂಡಿನ ಜೊತೆಗೆ ತಂಗಡಿಯ ಕಡ್ಡಿಗಳನ್ನೂ ಹಸಿಯ ಎಲೆಗಳನ್ನೂ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮುಚ್ಚಿ ಕಾಯಿಸುವರು. ಮರದಲ್ಲಿರುವ ಇಂಗಾಲವು ಕಬ್ಬಿಣಕ್ಕೆ ಸೇರಿ ಉಕ್ಕಾಗುವುದೆಂಬ ಮರ್ಮವನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಕೈಯಿಂದ ಕಲಿತವರು.

ಇಲ್ಲಿ ಗಮನಿಸತಕ್ಕ ವಿಷಯಗಳು ಎರಡು. ಅದಿರನ್ನು ತೊಳೆದು ಸಾರವನ್ನು ಬೇರ್ಪಡಿಸುವ ಕ್ರಮವು ಇಂದಿನ ಖನಿಜ ಸಂಸ್ಕರಣ ಶಾಸ್ತ್ರದ ಮೊದಲ ಪಾಠವಾಗಿದೆ. ನಮ್ಮ ಹಳ್ಳಿಗರ ಕುಲುಮೆಗೆ ಸೌದೆಯೇ ಜೀವವಾಗಿತ್ತೆಂಬುದು ಇನ್ನೊಂದು. ನಾಡಿನಲ್ಲಿ ಅದಿರು ಎಷ್ಟಾದರೂ ಉಂಟು, ಕಲ್ಲಿದ್ದಲು ಮಾತ್ರ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ ಕಬ್ಬಿಣವು ರೈಲುಗಳಲ್ಲಿ ಬಂದಿಳಿದಾಗ ಈ ಸಣ್ಣ ಕುಲುಮೆಗಳು ಒಂದೊಂದಾಗಿ ಆರಿದುವು. ಸೌದೆಯ ಬಲದಿಂದ ಕಲ್ಲಿದ್ದಲಿನ ಬಲವನ್ನು ಎದುರಿಸಬಹುದೇ ಎಂಬ ಪ್ರಶ್ನೆಯು ಅಂದು ಅವರನ್ನು ಸೋಲಿಸಿತು. ಅದೇ ಪ್ರಶ್ನೆಯು ಮುಂದೆ ಭದ್ರಾವತಿಯಲ್ಲಿ ಬೃಹದ್ರೂಪದಲ್ಲಿ ಎದುರಾಯಿತು.

೩

ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರದ ಇಲಾಖೆಯು ೧೮೯೪ರಲ್ಲಿ ಸ್ಥಾಪಿತವಾಯಿತು. ಡಾಕ್ಟರ್ ಸ್ಮೀತ್ ಎಂಬವರ ಮೇಲ್ವಿಚಾರಣೆಯಲ್ಲಿ ಅದರ ಅಧಿಕಾರಿಗಳು ನಡೆಸಿದ ಶೋಧನೆಗಳಿಂದ ಬಾಬಾಬುಡನ್ ಬೆಟ್ಟಗಳಲ್ಲಿ ಉತ್ತಮವಾದ ಕಬ್ಬಿಣದ ಅದಿರು ಅಪಾರವಾಗಿರುವುದು ಸ್ಪಷ್ಟವಾಯಿತು. ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು, ೧೯೧೧ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನದ ಮೂಲಕ ಕೈಗಾರಿಕೆಯ ವಿಚಾರವನ್ನು ಸಂಸ್ಥಾನದ ಪ್ರಧಾನ ವಿಚಾರಗಳಲ್ಲಿ ಒಂದನ್ನಾಗಿ ಮಾಡಿದರು. ಅವರು ೧೮೯೮ರಲ್ಲಿಯೇ ಜಪಾನನ್ನು ಕಂಡು ಬಂದಿದ್ದರು; ಒಂದು ತಲೆಮಾರಿನೊಳಗೆ ಆ ದೇಶವು ಕೈಗಾರಿಕೆಯಲ್ಲಿ ಎದ್ದುನಿಂತ ರೀತಿಯು ಅವರ ಮನಸ್ಸಿನಲ್ಲಿ ಅಚ್ಚೊತ್ತಿದ್ದಿತು. ೧೯೧೨ರ ನವೆಂಬರಿನಲ್ಲಿ ಅವರು ದಿವಾನರಾದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಶ್ರೀಗಂಧದ ಎಣ್ಣೆಯ ಕಾರ್ಖಾನೆ, ನಮ್ಮ ಸಾಹಿತ್ಯ ಪರಿಷತ್ತು ಇವೆಲ್ಲವೂ ಹುಟ್ಟಿದುವು. ಕಬ್ಬಿಣದ ಕಾರ್ಖಾನೆಯ ಸಂಕಲ್ಪವೂ ಈ ಕಾಲದ್ದೇ.

ಆ ಸಂಕಲ್ಪದ ತಿರುಳು ಹೀಗಿದ್ದಿತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಮಲೆನಾಡಿನ ಕಾಡುಗಳ ಸೌದೆಯನ್ನು ಇದ್ದಲು ಮಾಡಿ ಅದಿರನ್ನು ಕರಗಿಸಬೇಕು. ಆದರೆ ಹಳ್ಳಿಯವರಂತೆ ಗುಂಡಿಯಲ್ಲಿ ಸೌದೆ ಸುಟ್ಟರೆ ಹೊಗೆಯೆಲ್ಲ ಗಾಳಿಗೆ ಹೋಗುವುದು, ಇದ್ದಲು ತುಟ್ಟಿಯಾಗುವುದು. ಆದುದರಿಂದ ಸೌದೆಯನ್ನು ಮುಚ್ಚಿದ ಉಕ್ಕಿನ ಗೂಡುಗಳಲ್ಲಿ ಬಟ್ಟಿಯಿಳಿಸಿ, ಹೊಗೆಯಲ್ಲಿರುವ ಬೆಲೆಬಾಳುವ ದ್ರವ್ಯಗಳನ್ನು ಹಿಡಿದು ಮಾರಬೇಕು. ಆ ಮಾರಾಟದಿಂದ ಬರುವ ಹಣವು ಇದ್ದಲಿನ ಬೆಲೆಯನ್ನು ತಗ್ಗಿಸುವುದು. ಅಮೆರಿಕಾ ದೇಶದ ಪೆರಿನ್ ಎಂಬ ಹೆಸರುವಾಸಿಯಾದ ಇಂಜಿನಿಯರರನ್ನು ಸಲಹೆಗಾರರನ್ನಾಗಿ ಕರೆಸಲಾಯಿತು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಗೂ ಸಲಹೆ ಕೊಟ್ಟವರು ಅವರೇ. ಟಾಟಾ ಸಂಸ್ಥೆಯವರು ಆಡಳಿತದ ಏಜೆಂಟರಾದರು. ‘ಮೈಸೂರು ಸೌದೆ ಬಟ್ಟಿ ಮತ್ತು ಕಬ್ಬಿಣದ ಕಾರ್ಖಾನೆ’ ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕೆ ಸಂದಿತು. ಹೆಸರಿನಲ್ಲಿಯೇ ಸೌದೆಯು ಕಬ್ಬಿಣಕ್ಕಿಂತ ಮುಂದಿದ್ದುದು ಆಕಸ್ಮಿಕವಲ್ಲ.

ಭದ್ರಾ ನದಿಯ ದಡದಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ ಹೋಗುವ ರೈಲುದಾರಿಯ ಮೇಲಿರುವ ಊರನ್ನು ಸ್ಥಳವಾಗಿ ಆರಿಸಿದರು. ಅದರ ಹಳೆಯ ಹೆಸರು ಬೆಂಕಿಪುರ. ಇದು ವಂಕಿಪುರವೆಂಬ ಪ್ರಾಚೀನ ನಾಮದ ರೂಪಾಂತರವೆಂದು ಹೇಳುವುದುಂಟು. ಹೆಸರಿನ ಮೂಲವು ಏನೇ ಇರಲಿ, ಬೆಂಕಿಪುರವು ಭದ್ರಾವತಿಯಾದ ಮೇಲೆಯೇ ಅಲ್ಲಿ ನಿಜವಾದ ಬೆಂಕಿ ಹೊತ್ತಿತೆಂಬುದು ಸ್ಥಳನಾಮಗಳ ವಿನೋದಗಳಲ್ಲಿ ಒಂದು.

೪

ಈ ಕಾರ್ಖಾನೆಯ ಕೆಲಸವು ನಡೆಯುತ್ತಿದ್ದ ಕ್ರಮವನ್ನು ತಿಳಿಯದೆ ಅದರ ಕಷ್ಟವು ಮನಸ್ಸಿಗೆ ಹತ್ತದು. ಆದುದರಿಂದ ಅದನ್ನು ಸಂಗ್ರಹವಾಗಿ ಹೇಳುತ್ತೇವೆ.

ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದಿತು. ಆ ಸ್ಥಳದ ಹೆಸರೇ ಅಲ್ಲಿಯ ಮಣ್ಣಿನ ಗುಣವನ್ನು ಸಾರುವುದು. ಬೆಟ್ಟದ ನೆತ್ತಿಯಿಂದ ಕೆಳಗಿನ ತಣಿಗೆಬೈಲಿಗೆ ಉಕ್ಕಿನ ಹಗ್ಗದ ದಾರಿಯನ್ನು ಕಂಬಗಳ ಮೇಲೆ ಎಳೆದು, ತೊಟ್ಟಿಗಳಲ್ಲಿ ಅದಿರನ್ನು ಇಳಿಸುತ್ತಿದ್ದರು; ಅಲ್ಲಿಂದ ಟ್ರಾಮ್ ದಾರಿಯಲ್ಲಿ ಕಾರ್ಖಾನೆಗೆ ಸಾಗಿಸುತ್ತಿದ್ದರು. ಸುಣ್ಣದ ಕಲ್ಲು ಭಂಡಿಗುಡ್ಡದಿಂದ ಬರುತ್ತಿದ್ದಿತು. ಸೌದೆಯು ಶಿವಮೊಗ್ಗ, ಕಡೂರು ಜಿಲ್ಲೆಗಳ ಕಾಡುಗಳಿಂದ ಬರಬೇಕಾಗಿದ್ದಿತು.

ಸೌದೆಯನ್ನು ಮೊದಲು ಒಣಗಿಸಿ, ಚಕ್ರದ ತೊಟ್ಟಿಗಳಲ್ಲಿ ತುಂಬಿ ಉದ್ದನೆಯ ಗೂಡುಗಳೊಳಗೆ ನೂಕಿ ಬಾಗಿಲನ್ನು ಬಿಗಿಯಾಗಿ ಮುಚ್ಚುವರು. ಹೊರಗಿನಿಂದ ಕಾವು ಕೊಟ್ಟಾಗ ಸೌದೆ ಉರಿಯದೆ ಬೇಯುವುದು. ಅದರಿಂದೇಳುವ ಹಬೆಯನ್ನು ಕೊಳವೆಗಳಲ್ಲಿ ತಂಪು ಮಾಡಿದರೆ ಕಪ್ಪುಮಿಶ್ರವಾದ ಹುಳಿನೀರು ಇಳಿಯುವುದು. ಅದರ ತಳದಲ್ಲಿ ಮರದ ಡಾಂಬರು ನಿಲ್ಲುವುದು. ಮೇಲಿನ ನೀರಿಗೆ ಸುಣ್ಣವನ್ನು ಬೆರೆಸಿದಾಗ ಅದರ ಹುಳಿಯು ಸುಣ್ಣವನ್ನು ಹಿಡಿದು ಅಸಿಟೇಟ್ ಎಂಬ ಲವಣವಾಗುವುದು. ಮತ್ತೊಮ್ಮೆ ಬಟ್ಟಿಯಿಳಿಸಿದರೆ ಮರದ ಸಾರಾಯಿ, ಎಂದರೆ ಮೆಥಿಲ್ ಆಲ್ಕೊಹಾಲ್, ಬೇರೆಯಾಗಿ ದೊರೆಯುವುದು. ಗೂಡಿನಲ್ಲಿ ಉಳಿದ ಇದ್ದಲನ್ನು ಗಾಳಿ ಸೋಕದ ಕೋಣೆಗಳಲ್ಲಿ ಆರಿಸದಿದ್ದರೆ ಅದು ಹೊರಬಂದೊಡನೆ ಹೊತ್ತಿಕೊಳ್ಳುವುದು. ಒಂದು ಟನ್ನು ಇದ್ದಲಿಗೆ ಸುಮಾರು ಮೂರರಿಂದ ನಾಲ್ಕು ಟನ್ನು ಒಣಸೌದೆ ಬೇಕು.

ಈ ಇದ್ದಲು, ಅದಿರು, ಸುಣ್ಣದ ಕಲ್ಲು ಮೂರನ್ನೂ ಊದುಕುಲುಮೆಯ ನೆತ್ತಿಯಿಂದ ಸುರಿದು, ಬುಡದಿಂದ ಕಾಯಿಸಿದ ಗಾಳಿಯನ್ನು ಊದುವರು. ಇದ್ದಲು ಉರಿದು ಹುಟ್ಟಿದ ಅನಿಲವು ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುವುದು; ಬಿಡುಗಡೆಯಾದ ಕಬ್ಬಿಣವು ಕರಗಿ ಕೆಳಗಿಳಿಯುವುದು; ಸುಣ್ಣವು ಮರಳನ್ನೂ ಕಲ್ಮಷವನ್ನೂ ಹಿಡಿದು ಕಿಟ್ಟವಾಗಿ ಕಬ್ಬಿಣದ ಮೇಲೆ ತೇಲುವುದು. ಇದ್ದಲಿನಲ್ಲಿ ಗಂಧಕದ ದೋಷವಿಲ್ಲದುದರಿಂದ ಹೀಗಾದ ಬೀಡು ಬಹು ಶುದ್ಧವಾದುದು. ಆದರೆ ಇದ್ದಲಿಗೆ ಒಂದು ದೌರ್ಬಲ್ಯವುಂಟು. ಕಲ್ಲಿದ್ದಲಿನ ಕೋಕಿನಂತೆ ಅದು ಭಾರವನ್ನು ಹೊರಲಾರದು. ಮೇಲೆ ಹೇರಿದಷ್ಟೂ ಪುಡಿಯಾಗುವುದು. ಆದುದರಿಂದ ಇದ್ದಲಿನ ಕುಲುಮೆಯನ್ನು ಕೋಕಿನ ಕುಲುಮೆಯಂತೆ ಬಹಳ ಎತ್ತರಕ್ಕೆ ಬೆಳೆಸುವಂತಿಲ್ಲ. ಎತ್ತರವಿಲ್ಲದ ಮೇಲೆ ಉತ್ಪತ್ತಿಯೂ ಮಿತವಾದುದೇ.

ಹೀಗೆ ಬೆಟ್ಟ, ಕಾಡು, ಗೂಡು, ಕುಲುಮೆ, ಪೇಟೆ ಎಂಬ ಐದು ಕೊಂಡಿಗಳ ಸರಪಳಿಯಾಗಿ ಈ ಕಾರ್ಖಾನೆಯು ರಚಿತವಾಗಿದ್ದಿತು. ಒಂದು ಕೊಂಡಿ ಸಡಿಲಿದರೂ ಉಳಿದವೆಲ್ಲ ನಿಲ್ಲಬೇಕು.

೫

ಕೆಲಸವು ಮಂಜೂರಾಗಿ ಆರಂಭವಾದ ೧೯೧೮ರ ಕೊನೆಯಲ್ಲಿಯೇ ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟರು. ಕಟ್ಟಡವು ಎದ್ದುದು ಅವರ ತರುವಾಯ ಬಂದ ಕಾಂತರಾಜ ಅರಸಿನವರ ಕಾಲದಲ್ಲಿ. ಕುಲುಮೆ ಹೊತ್ತಿದುದು ಆಲ್ಬಿಯನ್ ಬ್ಯಾನರ್ಜಿಯವರ ಕಾಲದಲ್ಲಿ, ೧೯೨೩ನೆಯ ಇಸವಿ ಜನವರಿ ೧೮ನೆಯ ತಾರೀಖು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದು ಈ ಕಾರ್ಖಾನೆಯನ್ನು ಕಟ್ಟಿ ನಡೆಸಿದರೆಂದು ಎಷ್ಟೋ ಪಠ್ಯಪುಸ್ತಕಗಳ ಮಾತಿನಿಂದ ವಿದ್ಯಾರ್ಥಿಗಳು ತಿಳಿದುಕೊಳ್ಳುವರು. ಅದು ಕಾಲಕ್ರಮಕ್ಕೆ ಒಪ್ಪುವುದಿಲ್ಲ. ಸಂಕಲ್ಪವು ದಿವಾನರದು, ನಿರ್ಮಾಣವು ಅನಂತರದವರದು.

ಸಂಕಲ್ಪಕ್ಕೂ ಆರಂಭಕ್ಕೂ ನಡುವೆ ಸಂದ ಐದು ವರ್ಷಗಳಲ್ಲಿ ಲೋಕವೇ ಬದಲಾಗಿದ್ದಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಬೆಲೆ ಏರಿದ್ದಿತು. ಸುಣ್ಣದ ಅಸಿಟೇಟಿನಿಂದ ಅಸಿಟೋನ್ ಎಂಬ ದ್ರವವನ್ನು ತೆಗೆಯುತ್ತಿದ್ದರು. ಅದಿಲ್ಲದೆ ಕಾರ್ಡೈಟ್ ಎಂಬ ಸಿಡಿಮದ್ದು ಆಗದು. ಆದುದರಿಂದ ಯುದ್ಧವು ನಡೆಯುತ್ತಿದ್ದಾಗ ಸೌದೆ ಬಟ್ಟಿಯ ಪದಾರ್ಥಗಳಿಗೆ ಚಿನ್ನದಂಥ ಬೇಡಿಕೆಯಿದ್ದಿತು. ಯುದ್ಧವು ನಿಂತಿತು, ಫಿರಂಗಿಗಳು ಮೌನವಾದುವು, ಅಸಿಟೇಟಿನ ಬೇಡಿಕೆಯೂ ಇಳಿಯಿತು. ಬೀಡುಕಬ್ಬಿಣದ ಬೆಲೆಯೂ ಕುಸಿಯಿತು. ಯುದ್ಧಕಾಲದ ಬೆಲೆಗಳನ್ನು ನೋಡಿ ಹಾಕಿದ ಲೆಕ್ಕವು ಶಾಂತಿಕಾಲದ ಪೇಟೆಯಲ್ಲಿ ನಿಲ್ಲಲಿಲ್ಲ.

ಇದಕ್ಕಿಂತಲೂ ದೊಡ್ಡದಾದ ಇನ್ನೊಂದು ಪೆಟ್ಟು, ಯಾರೂ ನಿರೀಕ್ಷಿಸದ ದಿಕ್ಕಿನಿಂದ ಬಂದಿತು. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ೧೯೨೩ರಲ್ಲಿಯೇ, ಜರ್ಮನಿಯ ಲೂನಾ ಎಂಬಲ್ಲಿ ಬಿ. ಎ. ಎಸ್. ಎಫ್. ಎಂಬ ರಾಸಾಯನಿಕ ಸಂಸ್ಥೆಯವರು ಮೆಥಿಲ್ ಆಲ್ಕೊಹಾಲನ್ನು ಸೌದೆಯ ಗೊಡವೆಯಿಲ್ಲದೆ, ಅನಿಲಗಳನ್ನು ಅತ್ಯಧಿಕ ಒತ್ತಡದಲ್ಲಿ ಸಂಯೋಜಿಸಿ ತಯಾರಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಈ ಕೃತಕ ದ್ರವವು ಅಮೆರಿಕಾದ ಪೇಟೆಯನ್ನೂ ಹೊಕ್ಕಿತು. ಅಸಿಟಿಕ್ ಆಮ್ಲವನ್ನು ಬೇರೆ ಮಾರ್ಗದಿಂದ ಮಾಡುವ ವಿಧಾನವು ಯುದ್ಧಕಾಲದಲ್ಲಿಯೇ ಕೆನಡಾದಲ್ಲಿ ಬಳಕೆಗೆ ಬಂದಿದ್ದಿತು. ಜಗತ್ತಿನ ಸೌದೆ ಬಟ್ಟಿಯ ಉದ್ಯಮವೆಲ್ಲ ಇದರಿಂದ ನೆಲಕ್ಕೊರಗಿತು. ಉಪಪದಾರ್ಥಗಳ ಲಾಭದಿಂದ ಕಬ್ಬಿಣವನ್ನು ಅಗ್ಗಮಾಡಬೇಕೆಂಬ ಭದ್ರಾವತಿಯ ಲೆಕ್ಕದ ಅಡಿಗಲ್ಲೇ ಹೀಗೆ ಜಾರಿತು.

ಕಾರ್ಖಾನೆಯು ನಷ್ಟದಲ್ಲಿ ನಡೆಯತೊಡಗಿದಾಗ ಇದು ಬೊಕ್ಕಸದ ಹಣವನ್ನು ನುಂಗುವ ಬೆಂಕಿಯೆಂದು ಟೀಕಿಸಿದವರು ಹಲವರು. ಅವರ ಮಾತನ್ನು ಅಸೂಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಜೆಗಳ ತೆರಿಗೆಯ ಹಣವು ಅದರಲ್ಲಿ ತೊಡಗಿದ್ದಿತು. ಲೆಕ್ಕವನ್ನು ಕೇಳುವುದು ಅವರ ಹಕ್ಕು.

೬

ಇಂಥ ಸಮಯದಲ್ಲಿ, ೧೯೨೩ರಲ್ಲಿ, ಸರ್ಕಾರವು ಅಧಿಕಾರದಿಂದ ದೂರವಾಗಿದ್ದ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆದು, ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ಒಪ್ಪಿಸಿತು. ಅವರ ವಯಸ್ಸು ಆಗ ಅರವತ್ತನ್ನು ದಾಟಿದ್ದಿತು. ದಿವಾನಗಿರಿಯನ್ನು ಮಾಡಿದವರು ನಷ್ಟದಲ್ಲಿರುವ ಒಂದು ಕಾರ್ಖಾನೆಯ ಲೆಕ್ಕಪತ್ರಗಳ ಮುಂದೆ ಕುಳಿತುಕೊಳ್ಳಲು ಒಪ್ಪುವುದು ಸಾಮಾನ್ಯವಲ್ಲ. ಗೆದ್ದರೆ ಕರ್ತವ್ಯವಾಯಿತೆನ್ನುವರು, ಸೋತರೆ ಮೊದಲು ಎಣಿಸಿದವರೂ ಇವರೇ ಎನ್ನುವರು. ೧೯೨೯ರವರೆಗೆ, ಆರು ವರ್ಷಗಳ ಕಾಲ, ಅವರು ಈ ಭಾರವನ್ನು ಹೊತ್ತರು.

ಅವರು ಮಾಡಿದ ಸುಧಾರಣೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಆಡಳಿತ. ಏಜೆಂಟರ ಪದ್ಧತಿಯು ಕೊನೆಗೊಂಡು, ಕಾರ್ಖಾನೆಯು ನೇರವಾಗಿ ಮಂಡಲಿಯ ಅಧೀನಕ್ಕೆ ಬಂದಿತು. ವೆಚ್ಚದ ಒಂದೊಂದು ಬಾಬನ್ನೂ ಬಿಡಿಸಿ ನೋಡುವುದು, ಮಾಡಿದ ಕೆಲಸಕ್ಕೂ ಆದ ಖರ್ಚಿಗೂ ತಾಳೆ ಹಾಕುವುದು, ಗೊತ್ತುಪಡಿಸಿದ ಕಾಲಕ್ಕೆ ಕೆಲಸವನ್ನು ಮುಗಿಸುವುದು ಇವು ಅವರ ಜೀವಮಾನದ ಅಭ್ಯಾಸಗಳು. ಇವನ್ನು ಕಾರ್ಖಾನೆಯ ನಿಯಮಗಳನ್ನಾಗಿ ಮಾಡಿದರು.

ಎರಡನೆಯದು ಜನ. ಆರಂಭದಲ್ಲಿ ಯಂತ್ರಗಳ ಮೇಲ್ವಿಚಾರಣೆಯು ಹೆಚ್ಚು ಸಂಬಳದ ಪರದೇಶದ ನಿಪುಣರ ಕೈಯಲ್ಲಿದ್ದಿತು. ಹೊಸ ವಿದ್ಯೆಯನ್ನು ತರುವಾಗ ಇದು ಅನಿವಾರ್ಯವೇ. ಆದರೆ ಗುರುವು ಶಾಶ್ವತವಾಗಿ ಶಿಷ್ಯನ ಮನೆಯಲ್ಲಿಯೇ ನಿಂತರೆ ವಿದ್ಯೆ ಬಂದಂತಾಗದು. ವಿಶ್ವೇಶ್ವರಯ್ಯನವರು ಮೈಸೂರಿನ ತರುಣ ಇಂಜಿನಿಯರುಗಳನ್ನು ಆ ಸ್ಥಾನಗಳಿಗೆ ಸಿದ್ಧಪಡಿಸಿ, ಕ್ರಮಕ್ರಮವಾಗಿ ಕೆಲಸವನ್ನು ಅವರಿಗೆ ವಹಿಸಿದರು. ಊದುಕುಲುಮೆಯನ್ನು ನಡೆಸುವುದು ನಮ್ಮವರಿಂದ ಆಗದೆಂಬ ಮಾತು ಹೀಗೆ ಸುಳ್ಳಾಯಿತು. ತಿದಿಯೊತ್ತುವವರ ನಾಡಿನಲ್ಲಿ ಆ ಮಾತು ಹುಟ್ಟಬೇಕಾಗಿಯೇ ಇರಲಿಲ್ಲ. ಆದರೆ ನೂರು ವರ್ಷಗಳ ವಿಚ್ಛೇದವು ಕೈಯ ನೆನಪನ್ನೇ ಅಳಿಸಿಹಾಕಿದ್ದಿತು.

ಮೂರನೆಯದು ಪದಾರ್ಥ, ಇದು ಎಲ್ಲಕ್ಕಿಂತ ಮುಖ್ಯವಾದುದು. ಬೀಡುಕಬ್ಬಿಣವನ್ನು ಗಟ್ಟಿಗಳಾಗಿ ಎರಕಹೊಯ್ದು ದೂರದೇಶಗಳಿಗೆ ಮಾರಿದರೆ, ಬೆಲೆಯನ್ನು ಕಟ್ಟುವವರು ಕೊಳ್ಳುವವರೇ ಆಗುವರು. ಅದೇ ಕಬ್ಬಿಣವನ್ನು ಇಲ್ಲಿಯೇ ಕೊಳವೆಗಳನ್ನಾಗಿ ಎರಕಹೊಯ್ದರೆ ಅದರ ಬೆಲೆ ಹೆಚ್ಚುವುದು. ನಲ್ಲಿನೀರಿನ ಏರ್ಪಾಡಾಗುತ್ತಿದ್ದ ಪಟ್ಟಣಗಳಲ್ಲಿ ಅದಕ್ಕೆ ಗಿರಾಕಿಯೂ ದೊರೆಯುವುದು. ಈ ಆಲೋಚನೆಯಿಂದ ಕೊಳವೆಯ ಎರಕದ ಶಾಲೆಯು ಏರ್ಪಟ್ಟಿತು. ಉಪಪದಾರ್ಥದ ಆಸರೆಯಿಂದ ನಿಲ್ಲಬೇಕೆಂದಿದ್ದ ಕಾರ್ಖಾನೆಯನ್ನು ಮುಖ್ಯಪದಾರ್ಥದ ಸಂಸ್ಕಾರದಿಂದ ನಿಲ್ಲಿಸಿದುದೇ ಈ ಸುಧಾರಣೆಯ ಸಾರ. ಮೊದಲಿನ ಲೆಕ್ಕವು ತಪ್ಪಿತೆಂಬುದನ್ನು ಆ ಲೆಕ್ಕವನ್ನು ಹಾಕಿದವರೇ ಒಪ್ಪಿಕೊಂಡು, ಬೇರೊಂದು ಲೆಕ್ಕವನ್ನು ಹಾಕಿದರು. ತಾನು ನೆಟ್ಟ ಮರವು ವಕ್ರವಾಗಿ ಬೆಳೆದಾಗ ಅದನ್ನು ನೇರವೆಂದು ವಾದಿಸುವುದು ಮನುಷ್ಯಸ್ವಭಾವ. ಊರುಗೋಲನ್ನು ತಂದು ಕಟ್ಟುವುದು ಪಾಲಕನ ಧರ್ಮ.

ಈ ಸೇವೆಗೆಂದು ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ತಾವು ಅನುಭವಿಸದೆ, ಕಸಬಿನ ಶಿಕ್ಷಣವನ್ನು ಕೊಡುವ ಒಂದು ಸಂಸ್ಥೆಗೆ ವಿನಿಯೋಗಿಸಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ೧೯೪೩ರಲ್ಲಿ ಹುಟ್ಟಿದುದು ಹೀಗೆ. ಕಾರ್ಖಾನೆಗೆ ಮೊದಲು ಕೊರತೆಯಾದುದು ಅದಿರಲ್ಲ, ಕೈ ಪಳಗಿದ ಜನವೆಂಬ ಅನುಭವವೇ ಈ ದಾನಕ್ಕೆ ಪ್ರೇರಕವೆಂದು ಊಹಿಸುವುದು ಅಸಂಗತವಾಗದು.

೭

ಭದ್ರಾವತಿಯ ಕಥೆಯನ್ನು ಅದರ ಸಮಕಾಲೀನವಾದ ಇನ್ನೊಂದು ಕಥೆಯೊಡನೆ ಹೋಲಿಸಿದರೆ ಇದರ ಅರ್ಥವು ಹೆಚ್ಚು ವಿಶದವಾಗುವುದು.

ದಕ್ಷಿಣ ಅಮೆರಿಕಾದ ಚಿಲಿ ದೇಶದ ಆಟಕಾಮ ಮರುಭೂಮಿಯಲ್ಲಿ ‘ಕಲೀಚೆ’ ಎಂಬ ಲವಣಭರಿತವಾದ ಗಟ್ಟಿಮಣ್ಣಿದೆ. ಅದನ್ನು ಅಗೆದು, ಒಡೆದು, ತೊಟ್ಟಿಗಳಲ್ಲಿ ಬಿಸಿನೀರಿನಿಂದ ನೆನೆಯಿಸಿ, ರಸವನ್ನಿಳಿಸಿ ತಂಪುಮಾಡಿದರೆ ಪೆಟ್ಲುಪ್ಪಿನ ಜಾತಿಯ ನೈಟ್ರೇಟು ಹರಳುಗಟ್ಟುವುದು. ಹೊಲಗಳಿಗೆ ಗೊಬ್ಬರವಾಗಿಯೂ ಸಿಡಿಮದ್ದಿಗೆ ಮೂಲವಾಗಿಯೂ ಅದು ಲೋಕಕ್ಕೆಲ್ಲ ಬೇಕಾಗಿದ್ದಿತು. ಹರಳು ತೆಗೆದ ಮೇಲೆ ಉಳಿಯುವ ರಸದಲ್ಲಿ ಸ್ವಲ್ಪಮಟ್ಟಿಗೆ ಅಯೊಡೀನ್ ಇರುವುದು. ಅದನ್ನು ಬೇರೆ ಮಾಡಿ ಔಷಧಗಳಿಗಾಗಿ ಮಾರುತ್ತಿದ್ದರು. ಅಲ್ಲಿ ನೈಟ್ರೇಟು ಮುಖ್ಯಪದಾರ್ಥ, ಅಯೊಡೀನು ಉಪಪದಾರ್ಥ.

೧೯೧೩ರಲ್ಲಿ ಜರ್ಮನಿಯ ಆ ಬಿ. ಎ. ಎಸ್. ಎಫ್. ಸಂಸ್ಥೆಯವರೇ ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾವನ್ನು ತಯಾರಿಸತೊಡಗಿದರು. ಯುದ್ಧವು ಮುಗಿದ ಮೇಲೆ ಈ ಕೃತಕ ಪದಾರ್ಥವು ಚಿಲಿಯ ನೈಟ್ರೇಟನ್ನು ಪೇಟೆಯಿಂದ ಹಿಂದಕ್ಕೆ ನೂಕಿತು. ಚಿಲಿಯವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ೧೯೨೬ರಲ್ಲಿ ಮರಿಯಾ ಎಲೆನಾ ಎಂಬಲ್ಲಿ ಗುಗ್ಗೆನ್‌ಹೈಮ್ ಮನೆತನದವರು, ಕಡಿಮೆ ಕಾವಿನಲ್ಲಿ ಬಡಮಣ್ಣಿನಿಂದಲೂ ಲವಣವನ್ನು ತೆಗೆಯಬಲ್ಲ ಹೊಸ ಸಂಸ್ಕರಣಶಾಲೆಯನ್ನು ಕಟ್ಟಿದರು. ಆದರೂ ಹಳೆಯ ವೈಭವವು ಮರಳಲಿಲ್ಲ. ನೂರಾರು ಗಣಿಯೂರುಗಳು ಪಾಳುಬಿದ್ದುವು. ಉಪಪದಾರ್ಥವಾಗಿದ್ದ ಅಯೊಡೀನು ಮಾತ್ರ ಬದುಕಿಕೊಂಡಿತು. ಇಂದು ಜಗತ್ತಿಗೆ ಬೇಕಾದ ಅಯೊಡೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಆ ಮರುಭೂಮಿಯಿಂದಲೇ ಬರುವುದು.

ಒಂದೇ ಸಂಸ್ಥೆಯ ಪ್ರಯೋಗಶಾಲೆಯಿಂದ ಹೊರಟ ಎರಡು ವಿಧಾನಗಳು, ಸಾವಿರಾರು ಮೈಲಿ ದೂರದ ಎರಡು ನಾಡುಗಳ ಲೆಕ್ಕವನ್ನು ತಲೆಕೆಳಗು ಮಾಡಿದುವು. ಚಿಲಿಯಲ್ಲಿ ಮುಖ್ಯಪದಾರ್ಥಕ್ಕೆ ಬೆಲೆ ಹೋಗಿ ಉಪಪದಾರ್ಥವು ಉಳಿಯಿತು. ಭದ್ರಾವತಿಯಲ್ಲಿ ಉಪಪದಾರ್ಥಕ್ಕೆ ಬೆಲೆ ಹೋಗಿ ಮುಖ್ಯಪದಾರ್ಥವನ್ನು ಉಳಿಸಿಕೊಳ್ಳಬೇಕಾಯಿತು. ಹೀಗೆ ಹೋಲಿಸಿ ನೋಡಿದಾಗ, ೧೯೨೩ರ ಅನಂತರ ಭದ್ರಾವತಿಗೆ ಬಂದ ಕಷ್ಟವು ಮೈಸೂರಿನವರ ಅಜ್ಞಾನದ ಫಲವೆಂಬ ಆಕ್ಷೇಪವು ನಿಲ್ಲುವುದಿಲ್ಲ. ಶತಮಾನದ ಅನುಭವವೂ ಲೋಕದ ಬಂಡವಾಳವೂ ಇದ್ದ ಚಿಲಿಯೇ ತತ್ತರಿಸಿದ ಗಾಳಿಯದು. ಆದರೆ ಇದರಿಂದ ಇನ್ನೊಂದು ಪಾಠವೂ ಹೊರಡುತ್ತದೆ. ಯುದ್ಧಕಾಲದ ಬೆಲೆಯನ್ನು ಶಾಶ್ವತವೆಂದು ನಂಬಿ ಹಾಕುವ ಲೆಕ್ಕವು, ಎಂಥ ಮಹಾಬುದ್ಧಿಯವರು ಹಾಕಿದರೂ, ಅಪಾಯಕರವೇ. ಸ್ಥಾಪಕರಾದ ವಿಶ್ವೇಶ್ವರಯ್ಯನವರು ಈ ದೋಷದಿಂದ ಪೂರ್ಣವಾಗಿ ಮುಕ್ತರೆಂದು ಹೇಳಲಾಗದು. ಪಾಲಕರಾದ ವಿಶ್ವೇಶ್ವರಯ್ಯನವರು ಅದನ್ನು ತೀರಿಸಿಕೊಟ್ಟರು.

೮

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೬ರಲ್ಲಿ, ಭದ್ರ‍ಾವತಿಯಲ್ಲಿ ಉಕ್ಕಿನ ಉತ್ಪತ್ತಿಯು ಆರಂಭವಾಯಿತು. ಆ ದಶಕದ ಕೊನೆಗೆ ಸಿಮೆಂಟಿನ ಶಾಖೆಯೂ ಏರ್ಪಟ್ಟಿತು. ಜೋಗದ ವಿದ್ಯುತ್ತು ದೊರೆತ ಮೇಲೆ, ೧೯೫೦ರ ದಶಕದಲ್ಲಿ, ಅದಿರನ್ನು ವಿದ್ಯುತ್ಕುಲುಮೆಗಳಲ್ಲಿ ಕರಗಿಸುವ ಏರ್ಪಾಡಾಯಿತು. ಕಲ್ಲಿದ್ದಲಿಲ್ಲದ ನಾಡಿಗೆ ನೀರೇ ಕಲ್ಲಿದ್ದಲಾಗಬಹುದೆಂಬುದು ಇದರಿಂದ ಸಿದ್ಧವಾಯಿತು. ಕಾಡಿನ ಮೇಲಿನ ಭಾರವೂ ತಕ್ಕಮಟ್ಟಿಗೆ ಹಗುರವಾಯಿತು. ಮಲೆನಾಡಿನ ಮರಗಳು ಈ ಕುಲುಮೆಗಾಗಿ ತೆತ್ತ ಕಂದಾಯವನ್ನು ಯಾವ ಲೆಕ್ಕದ ಪುಸ್ತಕವೂ ಸರಿಯಾಗಿ ಬರೆದಿಟ್ಟಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು.

೧೯೭೦ರ ದಶಕದಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟರು. ೧೯೮೯ರಲ್ಲಿ ಅದು ಭಾರತ ಸರ್ಕಾರದ ಉಕ್ಕಿನ ಪ್ರಾಧಿಕಾರದ ಅಧೀನಕ್ಕೆ ಬಂದಿತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಗಳಾದ ೨೦೨೩ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಣಯವು ಪ್ರಕಟವಾಯಿತು. ಕಾರ್ಮಿಕರೂ ಊರವರೂ ಅದನ್ನು ಪ್ರತಿಭಟಿಸಿದರು. ಆ ನಿರ್ಣಯದ ಗುಣದೋಷಗಳನ್ನು ವಿಚಾರಿಸುವುದು ಅರ್ಥಶಾಸ್ತ್ರಜ್ಞರ ಕೆಲಸ. ಆದರೆ ೧೯೨೩ರಲ್ಲಿ ಕೇಳಿದ ಮಾತುಗಳೇ ೨೦೨೩ರಲ್ಲಿಯೂ ಕೇಳಿಬಂದುವೆಂಬುದನ್ನು ಚರಿತ್ರಕಾರನು ಹೇಳದೆ ಇರಲಾರನು. ನಷ್ಟ, ಹಳೆಯ ಯಂತ್ರ, ದುಬಾರಿಯಾದ ಉತ್ಪತ್ತಿ ಎಂಬ ಮಾತುಗಳು ಅಂದೂ ನಿಜವಾಗಿದ್ದುವು. ಅವು ನಿಜವೆಂದು ಒಪ್ಪಿಕೊಂಡೇ ಒಬ್ಬರು ಆರು ವರ್ಷ ಕುಳಿತು ಕೆಲಸವನ್ನು ತಿದ್ದಿದರು.

ವಿಶ್ವೇಶ್ವರಯ್ಯನವರು ೧೯೫೫ರಲ್ಲಿ ಭಾರತರತ್ನರಾದರು; ಶತಾಯುಷಿಗಳಾಗಿ ೧೯೬೨ರ ಏಪ್ರಿಲ್ ತಿಂಗಳಲ್ಲಿ ದಿವಂಗತರಾದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯ ಮುಂದೆ ನಿಂತು ಅವರು ಕಟ್ಟಿದವುಗಳನ್ನು ಎಣಿಸುವುದು ಎಲ್ಲರ ವಾಡಿಕೆ. ಆ ಪಟ್ಟಿಯು ದೀರ್ಘವಾದುದು, ಎಣಿಸತಕ್ಕದ್ದೇ. ಅದರ ಜೊತೆಗೆ, ಕಟ್ಟಿದುದು ಕುಸಿಯತೊಡಗಿದಾಗ ತಿರುಗಿ ಬಂದು ಹೆಗಲು ಕೊಟ್ಟ ಆ ಆರು ವರ್ಷಗಳನ್ನೂ ಎಣಿಸಬೇಕೆಂಬುದು ನಮ್ಮ ವಿಜ್ಞಾಪನೆ. ನಮ್ಮ ಶಾಸನಕಾರರು ದಾನವನ್ನೂ ಪಾಲನೆಯನ್ನೂ ತೂಗಿದ ತಕ್ಕಡಿಯು ಇಂದಿಗೂ ಸುಳ್ಳಾಗಿಲ್ಲ.